ಈದ ಹಸುವಿನ ಕೀಟೋಸಿಸ್: ಚಿಕಿತ್ಸೆ ಸಕ್ಕರೆಗಲ್ಲ, ಹಾರ್ಮೋನಿಗೆ

ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ನನಗೆ ಬರುವ ಕರೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. "ಡಾಕ್ಟರೇ, ಈದು ಮೂರು ವಾರವಾಯಿತು. ಹುಲ್ಲು ಕಚ್ಚುತ್ತದೆ, ಬೂಸಾ ಮೂಸಿ ಬಿಟ್ಟುಬಿಡುತ್ತದೆ. ಡೇರಿಗೆ ಹಾಕುವ ಹಾಲು ಅರ್ಧಕ್ಕೆ ಇಳಿದಿದೆ." ಜ್ವರವಿಲ್ಲ, ಕೆಚ್ಚಲು ಬಾವಿಲ್ಲ, ಸಗಣಿ ಮಾತ್ರ ಗಟ್ಟಿ ಎಂದರೆ ಕೀಟೋಸಿಸ್ (ಕೊಬ್ಬು ಅರೆಬರೆ ಉರಿದು ಹುಟ್ಟುವ ಕೀಟೋನ್ ರಕ್ತದಲ್ಲಿ ಹೆಚ್ಚುವ ರೋಗ) ಇರಬಹುದೆಂದು ಸಿದ್ಧನಾಗಿಯೇ ಹೊರಡುತ್ತೇನೆ.

ಕೊಟ್ಟಿಗೆಗೆ ಹೋದವನು ಮೊದಲು ಹಸುವಿನ ಉಸಿರು ಮೂಸುತ್ತೇನೆ. ಉಗುರುಬಣ್ಣ ಅಳಿಸುವ ದ್ರವದ ವಾಸನೆ ಬಂದರೆ ಅದು ಅಸಿಟೋನ್ ಎಂಬ ಕೀಟೋನ್. ಆದರೆ ಈ ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲ, ಆದ್ದರಿಂದ ಮೂತ್ರ ಪರೀಕ್ಷೆಯನ್ನು ಬಿಡುವುದಿಲ್ಲ. ಯೋನಿಯ ಕೆಳಗೆ ಬೆರಳಿನಿಂದ ಮೆಲ್ಲಗೆ ನೇವರಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ಹಸು ಮೂತ್ರ ಮಾಡುತ್ತದೆ. ಸೋಡಿಯಂ ನೈಟ್ರೊಪ್ರಸೈಡ್ ಬೆರೆಸಿದ ರೊಥೆರಾ ಪುಡಿಯ ಮೇಲೆ ಎರಡು ಮೂರು ಹನಿ ಬಿಟ್ಟು ಕಾಯುತ್ತೇನೆ. ಪುಡಿ ನೇರಳೆಗೆ ತಿರುಗಿದರೆ ಕೀಟೋನ್ ಇದೆ ಎಂದರ್ಥ. ಬಣ್ಣ ಗಾಢವಾದಷ್ಟೂ ಪರಿಸ್ಥಿತಿ ಗಂಭೀರ.

ಈಗ ಆ ಹಸುವಿನ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ಬರುತ್ತೇನೆ. ನನ್ನ ಚಿಕಿತ್ಸೆಯೆಲ್ಲ ನಿಂತಿರುವುದು ಇದರ ಮೇಲೆ. ಇಪ್ಪತ್ತು ಲೀಟರ್ ಹಾಲಿನೊಂದಿಗೆ ಹತ್ತಿರ ಹತ್ತಿರ ಒಂದು ಕಿಲೋ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹೊರಗೆ ಹೋಗುತ್ತದೆ. ಅದನ್ನು ಕಟ್ಟಲು ಗ್ಲೂಕೋಸ್ ಬೇಕು, ಕೆಚ್ಚಲು ಇನ್ಸುಲಿನ್‌ಗೆ ಕಾಯದೆ ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಆದರೆ ಮೆಲುಕು ಹಾಕುವ ಪ್ರಾಣಿಗೆ ಮೇವಿನಿಂದ ನೇರವಾಗಿ ಸಿಗುವ ಗ್ಲೂಕೋಸ್ ಬಹಳ ಕಡಿಮೆ. ಹಸುವಿನ ದೊಡ್ಡ ಹೊಟ್ಟೆಯಾದ ರೂಮೆನ್‌ನಲ್ಲಿ ಮೇವು ಹುಳಿತು ಹುಟ್ಟುವ ಪ್ರೊಪಿಯೋನಿಕ್ ಆಮ್ಲದಿಂದ ಯಕೃತ್ತೇ ಅದನ್ನು ತಯಾರಿಸಬೇಕು. ಈದ ಹೊಸದರಲ್ಲಿ ಹಾಲು ಏರಿದಷ್ಟು ವೇಗವಾಗಿ ಹಸಿವು ಏರುವುದಿಲ್ಲ. ರಕ್ತದಲ್ಲಿ ಗ್ಲೂಕೋಸ್ ಇಳಿಯುತ್ತದೆ, ಅದರೊಂದಿಗೆ ಇನ್ಸುಲಿನ್ ಕುಸಿದು, ಅದಕ್ಕೆ ಎದುರಾಗಿ ಕೆಲಸ ಮಾಡುವ ಹಾರ್ಮೋನ್ ಗ್ಲುಕಗಾನ್ ಮೇಲುಗೈ ಪಡೆಯುತ್ತದೆ. ಇನ್ಸುಲಿನ್‌ನ ಹಿಡಿತ ತಪ್ಪಿದ ಕೂಡಲೇ ಕೊಬ್ಬಿನ ಕೋಶಗಳಲ್ಲಿ ಲೈಪೇಸ್ ಕಿಣ್ವ ಚುರುಕಾಗಿ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ.

ಅವು ಯಕೃತ್ತನ್ನು ಸೇರಿದ ಮೇಲೆ ಕೋಶದೊಳಗಿನ ಶಕ್ತಿ ಘಟಕವಾದ ಮೈಟೋಕಾಂಡ್ರಿಯದ ಒಳಗೆ ಹೋಗಿ ಉರಿಯಬೇಕು. ಅಲ್ಲಿಗೆ ಬಾಗಿಲು ಸಿಪಿಟಿ-1 ಎಂಬ ಕಿಣ್ವ, ಅದರ ಅಗುಳಿ ಮಲೋನಿಲ್-ಕೋಎ ಎಂಬ ಅಣು. ಇನ್ಸುಲಿನ್ ಹೆಚ್ಚಿದ್ದಾಗ ಈ ಅಣು ಹೆಚ್ಚಾಗಿ ತಯಾರಾಗಿ ಬಾಗಿಲು ಬಿಗಿಯಾಗಿರುತ್ತದೆ. ಗ್ಲುಕಗಾನ್ ಏರಿದಾಗ, ಮಲೋನಿಲ್-ಕೋಎ ತಯಾರಿಸುವ ಕಿಣ್ವಕ್ಕೆ ಫಾಸ್ಫೇಟ್ ಅಂಟಿ ಅದು ತಣ್ಣಗಾಗುತ್ತದೆ, ಅಗುಳಿ ಸರಿಯುತ್ತದೆ. ಮೆಕ್‌ಗ್ಯಾರಿ, ಫಾಸ್ಟರ್ ಮತ್ತು ಸಂಗಡಿಗ ಸಂಶೋಧಕರು 1977ರಲ್ಲಿ ಇಲಿಯ ಯಕೃತ್ತಿನಲ್ಲಿ ಈ ನಂಟನ್ನು ತೋರಿಸಿಕೊಟ್ಟರು. ಬಾಗಿಲು ತೆರೆದ ಮೇಲೆ ಕೊಬ್ಬು ಮುರಿದು ಅಸಿಟೈಲ್-ಕೋಎ ಎಂಬ ತುಣುಕು ರಾಶಿ ಬೀಳುತ್ತದೆ. ಅದನ್ನು ಪೂರ್ತಿ ಉರಿಸಲು ಬೇಕಾದ ಆಕ್ಸಲೋಅಸಿಟೇಟ್ ಎಂಬ ಅಣು ಗ್ಲೂಕೋಸ್ ತಯಾರಿಗೆ ಖರ್ಚಾಗಿರುತ್ತದೆ. ಉಳಿದದ್ದು ಕೀಟೋನ್ ಆಗುತ್ತದೆ, ಉರಿಯದ ಕೊಬ್ಬು ಯಕೃತ್ತಿನಲ್ಲೇ ತುಂಬಿಕೊಳ್ಳುತ್ತದೆ.

ಆದ್ದರಿಂದ ಕತ್ತಿನ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಎಂಬ ಗ್ಲೂಕೋಸ್ ಬಾಟಲಿ ಹಾಕುವಾಗ ಹಸುವಿಗೆ ಸಕ್ಕರೆ ತುಂಬುತ್ತಿದ್ದೇನೆ ಎಂದು ನಾನು ಭಾವಿಸುವುದಿಲ್ಲ. 250 ಗ್ರಾಂ ಗ್ಲೂಕೋಸನ್ನು ಕೆಚ್ಚಲು ಬಹಳ ಬೇಗ ಕರಗಿಸಿಬಿಡುತ್ತದೆ. ನನಗೆ ಬೇಕಾಗಿರುವುದು ಆ ಗ್ಲೂಕೋಸ್ ಕಂಡು ಏಳುವ ಇನ್ಸುಲಿನ್. ಅದು ಕೊಬ್ಬಿನ ಹರಿವನ್ನೂ ತಗ್ಗಿಸುತ್ತದೆ, ಯಕೃತ್ತಿನ ಬಾಗಿಲನ್ನೂ ಮುಚ್ಚುತ್ತದೆ. ಆದರೆ ಬಾಟಲಿಯ ಪ್ರಭಾವ ಕೆಲವೇ ಗಂಟೆ. "ನಿನ್ನೆ ಬಾಟಲಿ ಹಾಕಿದ ಮೇಲೆ ಚೆನ್ನಾಗಿ ತಿಂದಿತು, ಇವತ್ತು ಮತ್ತೆ ಹಾಗೇ" ಎಂದು ಮನೆಯವರು ಹೇಳುವುದು ಇದಕ್ಕೇ. ನಾನು ಅದೇ ದಿನ ಪ್ರೊಪಿಲೀನ್ ಗ್ಲೈಕಾಲ್ ಶುರು ಮಾಡಿಸುತ್ತೇನೆ: ದಿನಕ್ಕೆ 300 ಮಿಲಿಲೀಟರ್, ಬಾಯಿಗೆ, ಮೂರರಿಂದ ಐದು ದಿನ. ಯಕೃತ್ತು ಅದರಿಂದ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಕುಡಿಸುವಾಗ ತಲೆಯನ್ನು ತೀರಾ ಮೇಲೆತ್ತಬಾರದು, ದ್ರವ ಶ್ವಾಸಕೋಶಕ್ಕೆ ಹೋದರೆ ಹಸುವನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಬೆಲ್ಲದ ನೀರು ಕುಡಿಸಿದ್ದೇವೆ ಎಂದು ಬಹಳ ಮನೆಗಳಲ್ಲಿ ಹೇಳುತ್ತಾರೆ. ಅಕ್ಕರೆಯಿಂದ ಮಾಡುವ ಕೆಲಸ, ಆದರೂ ಬೇಡ ಎನ್ನುತ್ತೇನೆ. ಬೆಲ್ಲ ರೂಮೆನ್‌ನಲ್ಲೇ ಹುಳಿತು ಆಮ್ಲಗಳಾಗುತ್ತದೆ. ಅವುಗಳಲ್ಲಿ ಬ್ಯುಟಿರಿಕ್ ಆಮ್ಲದ ಪಾಲು ದೊಡ್ಡದು, ಅದರಿಂದ ಹುಟ್ಟುವುದು ಮತ್ತೆ ಕೀಟೋನೇ.

ತಡೆಯುವ ಕೆಲಸ ಹಾಲು ಬತ್ತಿಸಿದ ದಿನದಿಂದಲೇ ಆರಂಭವಾಗಬೇಕು. ಬತ್ತಿದ ಹಸುವಿಗೆ ಹಾಲು ಕೊಡುವಾಗಿನಷ್ಟೇ ಹಿಂಡಿ ಹಾಕಿ ಬೆನ್ನು ತುಂಬಿಸಿದರೆ, ಈದ ಮೇಲೆ ಕರಗುವುದು ಆ ಕೊಬ್ಬೇ. ರಾಗಿ ಹುಲ್ಲು ಧಾರಾಳವಾಗಿ ಕೊಟ್ಟು, ಈಯುವುದಕ್ಕೆ ಎರಡು ಮೂರು ವಾರ ಇರುವಾಗ ಪಶು ಆಹಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಲು ಹೇಳುತ್ತೇನೆ.

ಐದು ದಿನ ಗ್ಲೈಕಾಲ್ ಕೊಟ್ಟ ಮೇಲೂ ಪುಡಿ ನೇರಳೆಯಾಗುತ್ತಿದ್ದರೆ ಹಸು ಬೇರೆ ಕಾರಣಕ್ಕೆ ಮೇವು ಬಿಟ್ಟಿರಬಹುದು. ಗರ್ಭಕೋಶದ ಸೋಂಕಿರಲಿ, ನಾಲ್ಕನೆಯ ಹೊಟ್ಟೆಯಾದ ಅಬೊಮೇಸಮ್ ಜಾರಿರಲಿ, ಹೊಟ್ಟೆ ಖಾಲಿಯಾದರೆ ಇನ್ಸುಲಿನ್ ಕುಸಿದು ಅದೇ ಬಾಗಿಲು ತೆರೆಯುತ್ತದೆ. ಆಗ ಇನ್ನೊಂದು ಬಾಟಲಿ ಏರಿಸದೆ, ಎಡ ಪಕ್ಕೆಲುಬುಗಳ ಮೇಲೆ ಸ್ಟೆತಸ್ಕೋಪ್ ಇಟ್ಟು ಬೆರಳಿನಿಂದ ಚಿಮ್ಮಿ, ಅಬೊಮೇಸಮ್ ಜಾರಿದಾಗ ಕೇಳುವ ಲೋಹದ ನಾದ ಬರುತ್ತದೆಯೇ ಎಂದು ಮೊದಲು ಆಲಿಸುತ್ತೇನೆ.