ಶಾಲೆಯ ಪಿಲ್ಲರ್ ಬಿಚ್ಚಿ ನೋಡಿ: ಭೂಕಂಪಕ್ಕೆ ಕಟ್ಟಡ ತಡೆಯುತ್ತಾ ಅಂತ ತಿಳಿಯುವುದು ಹೇಗೆ?

"ನಮ್ಮ ಕಾರವಾರದ ಕಡೆ ಭೂಕಂಪ ಎಲ್ಲಿ ಆಗತ್ತೆ ಸರ್?" ಶಾಲೆ ನೋಡಲು ಹೋದಾಗಲೆಲ್ಲ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಮೊದಲು ಕೇಳುವುದೇ ಇದು. ಭೂಕಂಪಕ್ಕೆ ಕಟ್ಟಡ ಹೇಗಿರಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 1893. ಅದರ 2016ರ ನಕ್ಷೆಯಲ್ಲಿ ಕಾರವಾರ ಇರುವುದು ಮೂರನೇ ವಲಯದಲ್ಲಿ, ಅಂದರೆ ಮಧ್ಯಮ ಅಪಾಯದ ಜಾಗದಲ್ಲಿ. ಶಾಲೆಗೆ ಮಾಮೂಲಿ ಮನೆಗಿಂತ ಒಂದೂವರೆ ಪಟ್ಟು ಭೂಕಂಪದ ಬಲ ಹಿಡಿದು ಲೆಕ್ಕ ಮಾಡಿ ಅಂತಲೂ ಆ ಮಾನದಂಡದಲ್ಲೇ ಇದೆ. 2005ರಲ್ಲಿ ಕಾಶ್ಮೀರದಲ್ಲಿ, 2008ರಲ್ಲಿ ಚೀನಾದ ಸಿಚುವಾನ್‌ನಲ್ಲಿ ಪಾಠ ನಡೆಯುವ ಹೊತ್ತಿಗೇ ಶಾಲೆಗಳು ಮಕ್ಕಳ ಮೇಲೆ ಕುಸಿದವು.

ಈ ತಪಾಸಣೆಯನ್ನು ಜನ ಹೇಗೆ ಕೆಡಿಸುತ್ತಾರೆ ಅಂತ ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ರಿಬೌಂಡ್ ಹ್ಯಾಮರ್ (ಒತ್ತಿದರೆ ಪುಟಿದು ಕಾಂಕ್ರೀಟಿನ ಗಟ್ಟಿತನವನ್ನು ಅಂಕಿಯಲ್ಲಿ ತೋರಿಸುವ ಉಪಕರಣ) ಹಿಡಿದು ಬರುತ್ತಾರೆ, ಪ್ಲಾಸ್ಟರ್ ಮೇಲೇ ನಾಲ್ಕು ಕಡೆ ಒತ್ತುತ್ತಾರೆ, "ಕಾಂಕ್ರೀಟ್ ಚೆನ್ನಾಗಿದೆ" ಅಂತ ಬರೆದು ಹೊರಡುತ್ತಾರೆ. ಪ್ಲಾಸ್ಟರ್ ತೆಗೆದು, ಕಲ್ಲಿನಿಂದ ಉಜ್ಜಿ, ಆಮೇಲೆ ಒತ್ತಬೇಕು. ಹಾಗೆ ಮಾಡಿದರೂ ಹಳೇ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗಿರುವುದರಿಂದ ಅಂಕಿ ಜಾಸ್ತಿಯೇ ಬರುತ್ತದೆ.

ಮೊದಲು ಕಟ್ಟಡದ ನಕ್ಷೆ ಹುಡುಕಿ. ಸಿಗದಿದ್ದರೆ ಟೇಪ್ ಹಿಡಿದು ಅಳೆದು ನೀವೇ ಬರೆದುಕೊಳ್ಳಿ.

ಆಮೇಲೆ ಕಟ್ಟಡ ಒಂದು ಸುತ್ತು ಹಾಕಿ. ಕೆಳಗೆ ಬರೀ ಪಿಲ್ಲರ್, ಮೇಲೆ ಚಿರೆಕಲ್ಲಿನ ಭಾರದ ಗೋಡೆ ಇದೆಯಾ? ಮೇಲಿನ ಮಹಡಿ ಆಮೇಲೆ ಏರಿಸಿದ್ದಾ? ಟ್ಯಾಂಕ್ ಯಾವ ಮೂಲೆಯಲ್ಲಿದೆ?

ಕಿಟಕಿ ಪಕ್ಕದ ಪಿಲ್ಲರುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಹತ್ತು ಅಡಿ ಪಿಲ್ಲರಿಗೆ ಐದು ಅಡಿವರೆಗೆ ಗೋಡೆ ಒತ್ತಿ ಕಟ್ಟಿದ್ದರೆ, ಅಲುಗಲು ಅದಕ್ಕೆ ಉಳಿಯುವುದು ಮೇಲಿನ ಐದೇ ಅಡಿ. ಉದ್ದ ಅರ್ಧವಾದರೆ ಬಿಗುವು, ಅಂದರೆ ಬಾಗದೆ ನಿಲ್ಲುವ ಗುಣ, ಎಂಟು ಪಟ್ಟು. ಅಷ್ಟೇ ಜಾಸ್ತಿ ಬಲವನ್ನು ಅದು ಎಳೆದುಕೊಳ್ಳುತ್ತದೆ, ಎಕ್ಸ್ ಆಕಾರದಲ್ಲಿ ಸೀಳುತ್ತದೆ. ಹೀಗಿರುವ ಪ್ರತಿಯೊಂದು ಪಿಲ್ಲರಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಈಗ ಪಿಲ್ಲರ್ ಬಿಚ್ಚುವುದು. ಇಲ್ಲಿ ಯಾರನ್ನೂ ಅವಸರ ಮಾಡಲು ಬಿಡಬೇಡಿ. ಸಮುದ್ರದ ಕಡೆ ಮುಖ ಮಾಡಿದ, ನೆಲಮಹಡಿಯ ಜಗುಲಿ ಪಿಲ್ಲರ್ ಆರಿಸಿ. ಸರಳು ಎಲ್ಲಿದೆ ಅಂತ ಕವರ್ ಮೀಟರ್‌ನಲ್ಲಿ ನೋಡಿಕೊಳ್ಳಿ. ಬೀಮಿನ ಕೆಳಗೆ ಒಂದೂವರೆ ಅಡಿ, ಒಂದೇ ಮುಖದಲ್ಲಿ, ಸರಳು ಕಾಣುವಷ್ಟೇ ಬಿಡಿಸಿ. ಉಳಿ-ಸುತ್ತಿಗೆಯಲ್ಲೇ ಮಾಡಿಸಿ, ಬ್ರೇಕರ್ ಬೇಡವೇ ಬೇಡ. ನೋಡಬೇಕಾದದ್ದು ರಿಂಗ್, ಅಂದರೆ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಕಂಬಿ ಬಳೆ. ಈ ಭಾಗದಲ್ಲಿ ಎರಡು ರಿಂಗ್ ನಡುವೆ 100 ಮಿ.ಮೀ.ಗಿಂತ ಜಾಸ್ತಿ ಅಂತರ ಇರಬಾರದು. ರಿಂಗಿನ ತುದಿ 135 ಡಿಗ್ರಿ ಬಾಗಿ ಪಿಲ್ಲರಿನ ಹೊಟ್ಟೆಯೊಳಗೆ ಹೋಗಿರಬೇಕು, ಬಾಗಿದ ಮೇಲೆ ಉಳಿಯುವ ಬಾಲ ಕನಿಷ್ಠ 65 ಮಿ.ಮೀ. ಇರಬೇಕು. ತುದಿಯನ್ನು 90 ಡಿಗ್ರಿಗೆ ಮಡಚಿ ಬಿಟ್ಟಿದ್ದರೆ, ಅಲುಗಿ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದ ಸರಳು ಹೊರಗೆ ಬಾಗುತ್ತದೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ, ಸ್ಲ್ಯಾಬ್ ಕೆಳಗೆ ಬರುತ್ತದೆ. ಈ ವಿವರಗಳ ಮಾನದಂಡ ಐಎಸ್ 13920 ಬಂದದ್ದೇ 1993ರಲ್ಲಿ. ಅದಕ್ಕಿಂತ ಹಳೆಯ ಶಾಲೆಯಲ್ಲಿ ಇವೆಲ್ಲ ಇರುತ್ತವೆ ಅಂತ ಸುಮ್ನೆ ನಂಬಬೇಡಿ.

ಅಂಕೋಲಾ ಕಡೆಯ ಒಂದು ಶಾಲೆಯಲ್ಲಿ ಬಿಚ್ಚಿಸಿದಾಗ ಬೀಮಿನ ಕೆಳಗೆ ಹತ್ತು ಇಂಚಿಗೊಂದು ರಿಂಗ್ ಇತ್ತು. ತುದಿ ನೇರ 90 ಡಿಗ್ರಿ. ಆ ಬಾಲವನ್ನು ಬೆರಳಲ್ಲಿ ಅದುಮಿದೆ, ತುಕ್ಕು ತಿಂದು ಮುರಿದು ಕೈಗೇ ಬಂತು. ಹ್ಯಾಮರ್ ವರದಿಯಲ್ಲಿ ಅದೇ ಪಿಲ್ಲರಿಗೆ "ಉತ್ತಮ" ಅಂತ ಬರೆದಿತ್ತು. ಪಕ್ಕದ ಕೋಣೆಯಲ್ಲಿ ಒಂದನೇ ತರಗತಿ ನಡೆಯುತ್ತಿತ್ತು.

ಬುಡದಲ್ಲೂ ಅಷ್ಟೇ ಬಿಚ್ಚಿಸಿ. ಸರಳಿನ ಲ್ಯಾಪ್, ಅಂದರೆ ಎರಡು ಸರಳು ಪಕ್ಕಪಕ್ಕ ಸೇರಿಸಿ ಕಟ್ಟಿದ ಜಾಗ, ಪಿಲ್ಲರಿನ ನಡುಮಧ್ಯದಲ್ಲಿ ಇರಬೇಕು. ಬಹಳ ಕಡೆ ಕೆಲಸ ಸುಲಭ ಅಂತ ನೆಲದಿಂದಲೇ ಶುರು ಮಾಡಿರುತ್ತಾರೆ.

ಬಿಚ್ಚಿದ ಜಾಗದ ಧೂಳು ಊದಿ, ಹೊಸದಾಗಿ ಒಡೆದ ಮುಖಕ್ಕೆ ಫೀನಾಲ್ಫ್ಥಲೀನ್ ಸಿಂಪಡಿಸಿ. ಹೈಸ್ಕೂಲಿನ ಲ್ಯಾಬಿನಲ್ಲೇ ಸಿಗುತ್ತದೆ. ಗುಲಾಬಿ ಬಣ್ಣ ಬಂದರೆ ಅಲ್ಲಿ ಕ್ಷಾರ ಉಳಿದಿದೆ. ಬಣ್ಣ ಬಾರದ ಭಾಗ ಸರಳಿನವರೆಗೂ ಇಳಿದಿದ್ದರೆ ತುಕ್ಕಿಗೆ ತಡೆ ಇಲ್ಲ. ಆದರೆ ಗುಲಾಬಿ ಕಂಡ ಕೂಡಲೇ ನಿರಾಳ ಆಗಬೇಡಿ, ಉಪ್ಪು ಇದರಲ್ಲಿ ಕಾಣುವುದಿಲ್ಲ. ಸಮುದ್ರದ ಗಾಳಿ, ಉಪ್ಪುನೀರಿನ ಮರಳು ಎರಡೂ ಇರುವ ನಮ್ಮ ಕಡೆ ಉಪ್ಪೇ ದೊಡ್ಡ ವೈರಿ ಅಲ್ವಾ? ಡ್ರಿಲ್ ಮಾಡಿದ ಪುಡಿಯನ್ನು ಕ್ಲೋರೈಡ್ ಪರೀಕ್ಷೆಗೆ ಕಳಿಸಲೇಬೇಕು. ಕಾಂಕ್ರೀಟಿನ ಬಲಕ್ಕೆ ನಾನು ನಂಬುವುದು ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆದ ಪರೀಕ್ಷೆಯನ್ನೇ.

ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಹಳೇ ಕಟ್ಟಡಗಳ ತಪಾಸಣೆಯ ಮಾನದಂಡವಾದ 2013ರ ಐಎಸ್ 15988 ಪ್ರಕಾರ ಪಿಲ್ಲರುಗಳ ಮೇಲಿನ ಸರಾಸರಿ ಕತ್ತರಿ ಒತ್ತಡ (ಅಡ್ಡಕ್ಕೆ ಕತ್ತರಿಸುವ ಒತ್ತಡ) ಚದರ ಮಿ.ಮೀ.ಗೆ 0.4 ನ್ಯೂಟನ್ ದಾಟಿದರೆ ವಿವರವಾದ ವಿಶ್ಲೇಷಣೆ ಕೇಳಿ ಪಡೆಯಿರಿ.

ಬಿಚ್ಚಿದ ಜಾಗವನ್ನು ಹಾಗೇ ಬಿಟ್ಟು ಮಳೆಗಾಲ ದಾಟಿಸಬೇಡಿ. ತುಕ್ಕನ್ನು ವೈರ್ ಬ್ರಶ್‌ನಲ್ಲಿ ಪೂರ್ತಿ ಉಜ್ಜಿ, ಪಾಲಿಮರ್ ಗಾರೆಯಲ್ಲಿ ತುಂಬಿಸಿ. ತುಕ್ಕಿನ ಮೇಲೇ ಬಳಿಯಬಹುದು ಅಂತ ಮಾರುವ ಬಣ್ಣ ಬೇಡ, ಪುಟ್ಟಿಯೂ ಬೇಡ. ತುಂಬುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ಪಿಲ್ಲರ್ ನಂಬರ್ ಬರೆದು ಶಾಲೆಯ ಕಡತದಲ್ಲಿ ಇಡಿಸಿ.