ಗೇಟು ಒಂದೇ, ಒಳಗೆ ಮನೆ ಹತ್ತು: ಬಣ್ಣ ಬದಲಿಸುವ ವೆಬ್ ಆ್ಯಪ್‌ಗೆ ಕ್ರಾಲರ್ ಬರೆಯುವುದು ಹೇಗೆ?

ಹಳೇ ಬೆಂಗಳೂರಿನ ವಠಾರ ನೋಡಿದವರಿಗೆ ಈ ವಿಷಯ ಬೇಗ ತಲೆಗೆ ಹತ್ತುತ್ತದೆ. ರಸ್ತೆಯಿಂದ ನೋಡಿದರೆ ಒಂದು ಗೇಟು, ಒಂದು ಡೋರ್ ನಂಬರು. ಒಳಗೆ ಕಾಲಿಟ್ಟರೆ ಎಂಟು ಹತ್ತು ಸಂಸಾರ. ಗೇಟಿನ ನಂಬರು ಮಾತ್ರ ಬರೆದುಕೊಂಡು ಹೋದವರ ಲೆಕ್ಕದಲ್ಲಿ ಅಲ್ಲಿರುವುದು ಒಂದೇ ಮನೆ.

ಈಗಿನ ವೆಬ್ ಆ್ಯಪ್‌ಗಳೂ ವಠಾರದ ಹಾಗೇ. ಮೊದಲು ಒಂದೊಂದು ಪುಟಕ್ಕೂ ಒಂದೊಂದು ವಿಳಾಸ ಇರುತ್ತಿತ್ತು. ಕ್ರಾಲರ್ ಎಂಬ ಪ್ರೋಗ್ರಾಂ ಪುಟ ತೆರೆದು, ಅದರಲ್ಲಿರುವ ಲಿಂಕ್‌ಗಳನ್ನೆಲ್ಲ ಆರಿಸಿಕೊಂಡು, ಒಂದೊಂದಾಗಿ ಭೇಟಿ ಕೊಟ್ಟರೆ ಸಾಕಿತ್ತು. ಈಗ ಗುಂಡಿ ಒತ್ತಿದರೆ ವಿಳಾಸ ಹಾಗೇ ಇರುತ್ತದೆ, ಒಳಗಿನ ಪುಟ ಮಾತ್ರ ಬೇರೆ ಆಗುತ್ತದೆ. ಈ ತಂತ್ರಕ್ಕೆ ಏಜಾಕ್ಸ್ ಎಂದು ಜೆಸ್ಸಿ ಜೇಮ್ಸ್ ಗ್ಯಾರೆಟ್ ಹೆಸರಿಟ್ಟಿದ್ದು 2005ರಲ್ಲಿ. ಆಗಿನಿಂದ ಲಿಂಕ್ ಹಿಡಿದು ಓಡುವ ಕ್ರಾಲರ್‌ಗಳು ಗೇಟಿನಲ್ಲೇ ನಿಂತುಬಿಟ್ಟವು.

ಇದಕ್ಕೊಂದು ದಾರಿ ತೋರಿಸಿದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು. ಅಲಿ ಮೆಸ್ಬಾ, ಏಂಗಿನ್ ಬೊಜ್‌ದಾಗ್, ಆರಿ ವಾನ್ ಡರ್ಸನ್ ಸೇರಿ 2008ರಲ್ಲಿ ಕ್ರಾಲ್‌ಜಾಕ್ಸ್ ಎಂಬ ಕ್ರಾಲರ್ ಬಗ್ಗೆ ಪ್ರಬಂಧ ಮಂಡಿಸಿದರು. ವಿಳಾಸವನ್ನು ನಂಬಬೇಡಿ, ನಿಜವಾದ ಬ್ರೌಸರ್ ತೆರೆದು ಕ್ಲಿಕ್ ಮಾಡಿ, ಪುಟ ಬದಲಾಯಿತಾ ನೋಡಿ, ಬದಲಾಗಿದ್ದರೆ ಅದನ್ನು ಹೊಸ ‘ಸ್ಥಿತಿ’ ಎಂದು ಬರೆದುಕೊಳ್ಳಿ. ಅವರ ಉಪಾಯ ಇಷ್ಟೇ. ಗೂಗಲ್ ಕೂಡ 2009ರಲ್ಲಿ, ಪ್ರತಿ ಸ್ಥಿತಿಗೂ ಒಂದು ವಿಳಾಸ ಸಿಗಲೆಂದು, ವಿಳಾಸದೊಳಗೆ # ಮತ್ತು ! ಸೇರಿಸುವ ಒಂದು ಏರ್ಪಾಡು ಮುಂದಿಟ್ಟು, 2015ರಲ್ಲಿ ತಾನೇ ಕೈಬಿಟ್ಟಿತು. ಕ್ಲಿಕ್ ಮಾಡಿ ನೋಡುವ ದಾರಿ ಮಾತ್ರ ಉಳಿದುಕೊಂಡಿದೆ. ಭದ್ರತಾ ಪರೀಕ್ಷೆಗೆ ಬಳಸುವ ಝ್ಯಾಪ್ ಎಂಬ ಉಪಕರಣದ ಏಜಾಕ್ಸ್ ಸ್ಪೈಡರ್ ಎಂಬ ಭಾಗದ ಒಳಗಿರುವುದೂ ಇದೇ ಕ್ರಾಲ್‌ಜಾಕ್ಸ್.

ಆ್ಯಪ್‌ನ ಸ್ಥಿತಿಗಳ ನಕ್ಷೆ ಮಾಡಿ ತಪ್ಪು ಹುಡುಕಲು ಇಂಥದ್ದೊಂದು ಸಣ್ಣ ಕ್ರಾಲರನ್ನು ನಾವೇ ಬರೆಯೋಣ. ಪೈಥಾನ್ ಸ್ವಲ್ಪ ಗೊತ್ತಿದ್ದರೆ ವಾರಾಂತ್ಯದ ಕೆಲಸ.

ಮೊದಲ ಹೆಜ್ಜೆ: ಅಂಗಳ ಆರಿಸಿಕೊಳ್ಳಿ

ಬ್ರೌಸರ್ ನಡೆಸಲು ಪ್ಲೇರೈಟ್ ಸಾಕು. ಮೈಕ್ರೋಸಾಫ್ಟ್ 2020ರಲ್ಲಿ ಬಿಟ್ಟದ್ದು, ಪುಕ್ಕಟೆ. ಇಂಥದೇ ಇನ್ನೊಂದು ಉಪಕರಣ ಸೆಲೆನಿಯಂ ಅಭ್ಯಾಸ ಇದ್ದವರು ಅದನ್ನೇ ಇಟ್ಟುಕೊಳ್ಳಿ, ತರ್ಕ ಏನೂ ಬದಲಾಗುವುದಿಲ್ಲ.

ಅಭ್ಯಾಸಕ್ಕೆ ಟುಡೂಎಂವಿಸಿ ಬಳಸೋಣ. ಮಾಡಬೇಕಾದ ಕೆಲಸಗಳ ಪಟ್ಟಿಯ ಪುಟ್ಟ ಆ್ಯಪ್ ಇದು. ಪ್ಲೇರೈಟ್‌ನವರೇ ಇದರ ಒಂದು ಪ್ರತಿಯನ್ನು ಕಲಿಯುವವರಿಗೆಂದು ಇಟ್ಟಿದ್ದಾರೆ. ಪಟ್ಟಿ ನಿಮ್ಮ ಬ್ರೌಸರ್‌ನಲ್ಲೇ ಉಳಿಯುವುದರಿಂದ ಯಾರಿಗೂ ತೊಂದರೆ ಇಲ್ಲ. ಬೇರೆಯವರ ಸೈಟಿನ ಮೇಲೆ ಅನುಮತಿ ಇಲ್ಲದೆ ಇದನ್ನು ಬಿಡಬೇಡಿ. ಕ್ರಾಲರ್‌ಗಳು ಎಲ್ಲಿಗೆ ಬರಬಾರದು ಎಂದು ಸೈಟಿನವರು ಬರೆದಿಡುವ ರೋಬೋಟ್ಸ್ ಫೈಲ್ ಎಂಬ ಪದ್ಧತಿ 1994ರಿಂದ ಇದೆ, 2022ರಲ್ಲಿ ಅಧಿಕೃತ ಮಾನದಂಡವೂ ಆಯಿತು. ಆದರೆ ಅದು ಹೇಳುವುದು ವಿಳಾಸಗಳ ಬಗ್ಗೆ ಮಾತ್ರ. ಯಾವ ಗುಂಡಿ ಒತ್ತಬಹುದು, ಯಾವುದು ಬೇಡ ಎಂದು ಅದರಲ್ಲಿ ಇರುವುದಿಲ್ಲ.

ಆ್ಯಪ್ ತೆರೆದು ಮೂರು ಕೆಲಸ ಸೇರಿಸಿ: ಹಾಲು ತರುವುದು, ಕರೆಂಟ್ ಬಿಲ್ ಕಟ್ಟುವುದು, ಅಮ್ಮನಿಗೆ ಫೋನ್ ಮಾಡುವುದು. ಪ್ರತಿ ಸಾಲಿನ ಎಡಕ್ಕೆ ಚೆಕ್‌ಬಾಕ್ಸ್, ಮೇಲೆ ಎಲ್ಲದಕ್ಕೂ ಒಟ್ಟಿಗೆ ಟಿಕ್ ಹಾಕುವ ಗುರುತು, ಕೆಳಗೆ ‘ಆಲ್’, ‘ಆ್ಯಕ್ಟಿವ್’, ‘ಕಂಪ್ಲೀಟೆಡ್’ ಎಂಬ ಮೂರು ಫಿಲ್ಟರ್. ಹೊಸ ಕೆಲಸ ಬರೆಯುವ ಖಾನೆಯನ್ನು ಕ್ರಾಲರ್ ಮುಟ್ಟದ ಹಾಗೆ ಬಿಡಿ. ಮುಟ್ಟಿದರೆ ಸಾಲುಗಳು ಬೆಳೆಯುತ್ತಲೇ ಹೋಗುತ್ತವೆ, ನಿಮ್ಮ ಪ್ರೋಗ್ರಾಂ ನಿಲ್ಲುವುದೇ ಇಲ್ಲ.

ಎರಡನೇ ಹೆಜ್ಜೆ: ಕಾಯುವುದು

ಕ್ಲಿಕ್ ಆದ ಕೂಡಲೇ ಪುಟ ಓದಿದರೆ ಅರ್ಧ ಬೆಂದ ಅನ್ನ ಬಡಿಸಿದ ಹಾಗೆ. ಹಾಗಂತ ಪ್ರತಿ ಸಲ ಐದು ಸೆಕೆಂಡ್ ಸುಮ್ನೆ ಕೂತರೆ ರಾತ್ರಿಯೆಲ್ಲಾ ಓಡಿಸಬೇಕಾಗುತ್ತದೆ. ಪುಟದ ಡಾಮ್, ಅಂದರೆ ಬ್ರೌಸರ್ ಒಳಗೆ ಪುಟದ ಅಂಗಾಂಗಗಳ ಮರ, ಬದಲಾದಾಗಲೆಲ್ಲ ಸುದ್ದಿ ಕೊಡುವ ಮ್ಯುಟೇಶನ್ ಅಬ್ಸರ್ವರ್ ಬ್ರೌಸರ್‌ನಲ್ಲೇ ಇದೆ. ಅರ್ಧ ಸೆಕೆಂಡ್ ಅದು ಬಾಯಿಬಿಡದಿದ್ದರೆ ಪುಟ ತಣ್ಣಗಾಯಿತು ಎಂದುಕೊಳ್ಳಿ. ಗಡಿಯಾರ ಓಡುವ ಪುಟ ಯಾವತ್ತೂ ತಣ್ಣಗಾಗುವುದಿಲ್ಲ. ಅದಕ್ಕೇ ಹತ್ತು ಸೆಕೆಂಡಿಗೆ ಒಂದು ಗಡುವೂ ಇರಲಿ.

ಮೂರನೇ ಹೆಜ್ಜೆ: ‘ಹೊಸದು’ ಅಂದರೆ ಏನು?

ಇಡೀ ಆಟ ಇರುವುದು ಇಲ್ಲಿ. ಕ್ಲಿಕ್ ಮಾಡಿಸುವುದನ್ನು ಯಾರು ಬೇಕಾದರೂ ಒಂದು ಗಂಟೆಯಲ್ಲಿ ಕಲಿಯಬಹುದು. ಎರಡು ಪುಟ ಒಂದೇನಾ, ಬೇರೆನಾ ಎಂದು ತೀರ್ಮಾನ ಮಾಡುವುದು ಕಷ್ಟ.

ಮೊದಲ ಉಪಾಯ: ಪುಟದ ಎಚ್‌ಟಿಎಂಎಲ್, ಅಂದರೆ ಪುಟವನ್ನು ಬರೆದಿರುವ ಕೋಡ್, ಪೂರ್ತಿ ತೆಗೆದುಕೊಂಡು ಹ್ಯಾಶ್ ಮಾಡುವುದು, ಅಂದರೆ ಅದರಿಂದ ಬೆರಳಚ್ಚಿನಂಥ ಒಂದು ಚಿಕ್ಕ ಗುರುತು ತೆಗೆಯುವುದು. ಅಕ್ಷರ ಒಂದು ಬದಲಾದರೂ ಹ್ಯಾಶ್ ಬೇರೆ ಬರುತ್ತದೆ. ನಮ್ಮ ಪಟ್ಟಿಗೆ ಲೆಕ್ಕ ಹಾಕಿ ನೋಡಿ. ಮೂರು ಕೆಲಸ, ಒಂದೊಂದೂ ಆಗಿರಬಹುದು ಅಥವಾ ಬಾಕಿ ಇರಬಹುದು, ಅಂದರೆ 8 ಬಗೆ. ಮೂರು ಫಿಲ್ಟರ್‌ಗೆ ಗುಣಿಸಿದರೆ 24 ಸ್ಥಿತಿ. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಹತ್ತು ಕೆಲಸ ಸೇರಿಸಿ ನೋಡಿ: 1,024 ಬಗೆ, ಮೂರು ಫಿಲ್ಟರ್, ಒಟ್ಟು 3,072 ಸ್ಥಿತಿ. ದಿನಸಿ ಚೀಟಿಯಷ್ಟು ಉದ್ದದ ಪಟ್ಟಿಗೆ! ಇದರ ಮೇಲೆ ಪುಟದಲ್ಲಿ ಗಡಿಯಾರ, ಜಾಹೀರಾತು, ಪ್ರತಿ ಸಲ ಬದಲಾಗುವ ಭದ್ರತಾ ಟೋಕನ್ ಇದ್ದರಂತೂ ಎಣಿಕೆಗೆ ಕೊನೆಯೇ ಇಲ್ಲ.

ಎರಡನೇ ಉಪಾಯ: ಎಷ್ಟು ಬದಲಾಗಿದೆ ಎಂದು ಅಳೆಯುವುದು. ಕ್ರಾಲ್‌ಜಾಕ್ಸ್‌ನ ಮೊದಲ ಪ್ರಬಂಧದಲ್ಲಿ ಲೆವೆನ್‌ಶ್ಟೈನ್ ದೂರ ಬಳಸಿದ್ದಾರೆ. ಒಂದು ಪಠ್ಯವನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಲೆಕ್ಕ ಅದು. ದೂರ ಒಂದು ಮಿತಿಗಿಂತ ಕಡಿಮೆ ಇದ್ದರೆ ಎರಡೂ ಒಂದೇ ಸ್ಥಿತಿ. ಆ ಮಿತಿ ಎಷ್ಟಿರಬೇಕು ಎನ್ನುವುದು ಮಾತ್ರ ಪ್ರತಿ ಆ್ಯಪ್‌ಗೂ ಬೇರೆ.

ನಾನು ಬಳಸುವುದು ಮೂರನೇ ಉಪಾಯ. ಹ್ಯಾಶ್ ಮಾಡುವ ಮೊದಲು ಪುಟವನ್ನು ಜರಡಿ ಹಿಡಿಯುವುದು. ಸ್ಕ್ರಿಪ್ಟ್‌ಗಳನ್ನು ತೆಗೆಯಿರಿ, ಬರಹವನ್ನು ತೆಗೆಯಿರಿ, ಟ್ಯಾಗ್ (ಪುಟದ ಅಂಗ ಯಾವ ಬಗೆಯದು) ಮತ್ತು ಕ್ಲಾಸ್ (ಅದಕ್ಕೆ ಅಂಟಿಸಿದ ಗುರುತು) ಹೆಸರು ಮಾತ್ರ ಉಳಿಸಿಕೊಳ್ಳಿ. ಪಟ್ಟಿಯಲ್ಲಿ ಒಂದೇ ರೂಪದ ಸಾಲು ಎಷ್ಟೇ ಇದ್ದರೂ ಒಂದೇ ಎಂದು ಹಿಡಿಯಿರಿ, ಸಾಲುಗಳ ಕ್ರಮ ನೋಡಬೇಡಿ. ಈಗ ಮೂರು ಕೆಲಸ ಇರಲಿ, ಹತ್ತು ಇರಲಿ, ಉಳಿಯುವುದು ‘ಏನೂ ಆಗಿಲ್ಲ’, ‘ಸ್ವಲ್ಪ ಆಗಿದೆ’, ‘ಎಲ್ಲ ಆಗಿದೆ’ ಎಂಬ ಮೂರೇ ಬಗೆ. ಮೂರು ಫಿಲ್ಟರ್‌ಗೆ 9 ಸ್ಥಿತಿ. 3,072 ಎಲ್ಲಿ, 9 ಎಲ್ಲಿ!

ಓಡಿಸಿ ನೋಡಿದರೆ 9ರ ಬದಲು 8 ಬರಬಹುದು. ನನಗೂ ಬಂದಿತ್ತು, ಅರ್ಧ ದಿನ ತಲೆ ಕೆರೆದುಕೊಂಡೆ. ವಿಷಯ ಏನೆಂದರೆ, ಚೆಕ್‌ಬಾಕ್ಸ್‌ಗೆ ಟಿಕ್ ಹಾಕಿದರೆ ಆ ಟಿಕ್ ಪುಟದ ಎಚ್‌ಟಿಎಂಎಲ್ ಪಠ್ಯದಲ್ಲಿ ಕಾಣುವುದಿಲ್ಲ. ಅದು ಬ್ರೌಸರ್‌ನ ನೆನಪಿನಲ್ಲಿರುವ ಗುಣ. ‘ಕಂಪ್ಲೀಟೆಡ್’ ಫಿಲ್ಟರ್‌ನಲ್ಲಿ ನಿಂತಾಗ ಸ್ವಲ್ಪ ಆಗಿದ್ದರೂ ಎಲ್ಲ ಆಗಿದ್ದರೂ ಕಾಣುವುದು ಮುಗಿದ ಸಾಲುಗಳೇ. ವ್ಯತ್ಯಾಸ ಇರುವುದು ಬಾಕಿ ಎಷ್ಟು ಎಂಬ ಸಂಖ್ಯೆಯಲ್ಲಿ ಮತ್ತು ಮೇಲಿನ ಆ ಒಂದು ಟಿಕ್‌ನಲ್ಲಿ. ಸಂಖ್ಯೆಯನ್ನು ನಾವೇ ಜರಡಿಯಲ್ಲಿ ಬಿಸಾಕಿದ್ದೇವೆ, ಟಿಕ್ ಪಠ್ಯಕ್ಕೆ ಬಂದೇ ಇಲ್ಲ. ಹಾಗಾಗಿ ಚೆಕ್‌ಬಾಕ್ಸ್, ಆಯ್ಕೆ ಪಟ್ಟಿ, ಬರೆಯುವ ಖಾನೆ ಇವುಗಳಲ್ಲಿ ಈಗ ಏನಿದೆ ಎಂದು ಬೇರೆಯಾಗಿ ಓದಿ ಹ್ಯಾಶ್‌ಗೆ ಸೇರಿಸಿ. 9 ಬರುತ್ತದೆ.

ಜರಡಿಗೆ ಬೆಲೆಯೂ ಇದೆ. ಒಂದೇ ಕೆಲಸ ಬಾಕಿ ಇದ್ದಾಗ ಇಂಗ್ಲಿಷ್‌ನಲ್ಲಿ ‘1 ಐಟಂ’, ಎರಡಿದ್ದಾಗ ‘2 ಐಟಮ್ಸ್’ ಎಂದು ಬರಬೇಕು. ಅಲ್ಲಿ ‘1 ಐಟಮ್ಸ್’ ಎಂಬ ತಪ್ಪಿದ್ದರೆ ನಮ್ಮ 9 ಸ್ಥಿತಿಯ ಕ್ರಾಲರ್‌ಗೆ ಅದು ಸಿಗುವ ಖಾತ್ರಿ ಇಲ್ಲ. ಯಾವ ತಪ್ಪು ಹುಡುಕುತ್ತಿದ್ದೀರಿ ಎಂದು ಮೊದಲು ಗೊತ್ತಿರಬೇಕು, ಆಮೇಲೆ ಜರಡಿಯ ಕಣ್ಣು ಎಷ್ಟು ದೊಡ್ಡದು ಎಂದು ನಿರ್ಧರಿಸಿ.

ನಾಲ್ಕನೇ ಹೆಜ್ಜೆ: ಏನನ್ನು ಒತ್ತಬೇಕು, ಏನನ್ನು ಮುಟ್ಟಬಾರದು

ಲಿಂಕ್, ಗುಂಡಿ, ಚೆಕ್‌ಬಾಕ್ಸ್, ಅದರ ಲೇಬಲ್ ಇವೆಲ್ಲ ಸುಲಭವಾಗಿ ಸಿಗುತ್ತವೆ. ಆದರೆ ಎಷ್ಟೋ ಆ್ಯಪ್‌ಗಳಲ್ಲಿ ಸಾದಾ ಡಿವ್ ಅಥವಾ ಸ್ಪ್ಯಾನ್ (ಬರೀ ಚೌಕಟ್ಟಿನಂಥ ಟ್ಯಾಗ್‌ಗಳು) ಕೂಡ ಗುಂಡಿಯ ಕೆಲಸ ಮಾಡುತ್ತದೆ. ಪತ್ತೆ ಮಾಡಲು ಒಂದು ಸಣ್ಣ ಕುತಂತ್ರ ಇದೆ. ಮೌಸ್ ಮೇಲೆ ಹೋದಾಗ ಬಾಣದ ಗುರುತು ಕೈ ಆಗುತ್ತದಾ ನೋಡಿ. ಆ ಸ್ಟೈಲ್ ಇರುವುದನ್ನೆಲ್ಲ ಪಟ್ಟಿಗೆ ಸೇರಿಸಿ. ತಪ್ಪದೇ ಎಲ್ಲವೂ ಸಿಗುತ್ತದೆ ಎಂದಲ್ಲ, ಬಹಳಷ್ಟು ಸಿಗುತ್ತದೆ.

ಇನ್ನು ಮುಟ್ಟಬಾರದವು. ನಾನು ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶುಕ್ರವಾರ ಸಂಜೆ ಕ್ರಾಲರ್ ಓಡಲು ಬಿಟ್ಟು ಮನೆಗೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಸ್ಥಿತಿಗಳು ಬೆರಳೆಣಿಕೆಯಷ್ಟು. ‘ಡಿಲೀಟ್’ ಗುಂಡಿ ಸಿಕ್ಕಿದ ಕಡೆಯಲ್ಲೆಲ್ಲ ಒತ್ತಿ, ಆಮೇಲೆ ‘ಲಾಗೌಟ್’ ಒತ್ತಿ, ಉಳಿದ ಎರಡು ದಿನ ಲಾಗಿನ್ ಪುಟವನ್ನೇ ದಿಟ್ಟಿಸುತ್ತಾ ಕೂತಿತ್ತು. ಸಹೋದ್ಯೋಗಿಗಳು ಕೈಯಾರೆ ತುಂಬಿಸಿದ್ದ ಪರೀಕ್ಷಾ ಡೇಟಾ ಎಲ್ಲ ಹೋಗಿತ್ತು. ಆ ವಾರ ಕ್ಯಾಂಟೀನ್‌ನಲ್ಲಿ ಕಾಫಿ ಬಿಲ್ ಯಾರು ಕೊಟ್ಟರು ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಮುಟ್ಟಬಾರದ ಪದಗಳ ಪಟ್ಟಿ ಇಟ್ಟುಕೊಳ್ಳಿ. ಆ್ಯಪ್ ಕನ್ನಡದಲ್ಲೂ ಇದ್ದರೆ ‘ಅಳಿಸಿ’, ‘ತೆಗೆದುಹಾಕಿ’, ‘ನಿರ್ಗಮಿಸಿ’, ‘ಪಾವತಿಸಿ’ ಕೂಡ ಅದರಲ್ಲಿರಲಿ. ಇಂಗ್ಲಿಷ್ ಪದ ಮಾತ್ರ ಹಾಕಿ ಕನ್ನಡ ಆವೃತ್ತಿಯ ಮೇಲೆ ಓಡಿಸಿದರೆ ನನ್ನ ಸೋಮವಾರವೇ ನಿಮಗೂ ಗತಿ. ಟುಡೂಎಂವಿಸಿಯಲ್ಲಿ ‘ಕ್ಲಿಯರ್ ಕಂಪ್ಲೀಟೆಡ್’ ಗುಂಡಿಯನ್ನೂ, ಸಾಲಿನ ಬಲಕ್ಕಿರುವ × ಗುರುತನ್ನೂ ಬಿಟ್ಟುಬಿಡಿ.

ಐದನೇ ಹೆಜ್ಜೆ: ಒತ್ತಿ, ನೋಡಿ, ಬರೆದುಕೊಳ್ಳಿ

ಈಗ ಸುತ್ತು ಶುರು. ಒಂದು ಗುಂಡಿ ಒತ್ತಿ. ತಣ್ಣಗಾಗುವವರೆಗೆ ಕಾಯಿರಿ. ಜರಡಿ ಹಿಡಿದು ಹ್ಯಾಶ್ ತೆಗೆಯಿರಿ. ಹ್ಯಾಶ್ ಮೊದಲೇ ಪಟ್ಟಿಯಲ್ಲಿದ್ದರೆ ಹಳೆಯ ಸ್ಥಿತಿಗೆ ಒಂದು ಬಾಣ ಎಳೆಯಿರಿ. ಇಲ್ಲದಿದ್ದರೆ ಹೊಸ ವೃತ್ತ ಬರೆದು, ಅದಕ್ಕೆ ಬಾಣ ಎಳೆದು, ಅದರೊಳಗಿನ ಗುಂಡಿಗಳನ್ನು ಸರದಿಗೆ ಸೇರಿಸಿ. ಬಾಣದ ಮೇಲೆ ಯಾವ ಗುಂಡಿ ಎಂದು ಬರೆದಿರಲಿ. ವೃತ್ತ ಬಾಣಗಳ ಈ ನಕ್ಷೆಗೆ ಸ್ಥಿತಿ ಹರಿವಿನ ನಕ್ಷೆ ಅನ್ನಬಹುದು.

ಗುಂಡಿಯನ್ನು ಗುರುತಿಡುವಾಗ ‘ಪುಟದ ಏಳನೇ ಡಿವ್’ ಎಂಬ ಲೆಕ್ಕ ಬೇಡ. ಸಾಲು ಒಂದು ಮೇಲೆ ಕೆಳಗೆ ಆದರೆ ಏಳನೆಯದು ಆರನೆಯದಾಗುತ್ತದೆ. ಅದರ ಪಾತ್ರ ಮತ್ತು ಮೇಲಿನ ಬರಹ ಹಿಡಿಯಿರಿ: ‘ಹಾಲು ತರುವುದು’ ಸಾಲಿನ ಚೆಕ್‌ಬಾಕ್ಸ್ ಎಂದು.

ಆರನೇ ಹೆಜ್ಜೆ: ಹಿಂದಕ್ಕೆ ಬರುವುದು

ಒಂದು ಸ್ಥಿತಿಯ ಮೊದಲ ಗುಂಡಿ ಒತ್ತಿ ಬೇರೆ ಸ್ಥಿತಿಗೆ ಬಂದಿರಿ. ಎರಡನೇ ಗುಂಡಿ ಒತ್ತಲು ವಾಪಸ್ ಹೋಗಬೇಕು. ಬ್ರೌಸರ್‌ನ ಬ್ಯಾಕ್ ಗುಂಡಿಯನ್ನು ನಂಬುವ ಹಾಗಿಲ್ಲ. ವಿಳಾಸ ಬದಲಾಗದ ಬದಲಾವಣೆಗಳು ಅದರ ನೆನಪಿನಲ್ಲೇ ಇರುವುದಿಲ್ಲ. ಹಾಗಾಗಿ ದಾರಿ ಒಂದೇ: ಮೊದಲಿನಿಂದ ತೆರೆದು, ಬಂದ ದಾರಿಯ ಕ್ಲಿಕ್‌ಗಳನ್ನೇ ಮತ್ತೆ ಮಾಡಿಕೊಂಡು ಅಲ್ಲಿಗೆ ಬರುವುದು. ರಂಗೋಲಿಯಲ್ಲಿ ಎಳೆ ತಪ್ಪಿದರೆ ಅಳಿಸಿ ಮೊದಲ ಚುಕ್ಕಿಯಿಂದ ಹಾಕುವ ಹಾಗೆ.

ಸಮಯ ತಿನ್ನುವುದು ಇದೇ. ಜರಡಿ ಇಲ್ಲದ 24 ಸ್ಥಿತಿಯ ಲೆಕ್ಕದಲ್ಲಿ ಕಾಣುವ ಗುಂಡಿಗಳನ್ನೆಲ್ಲ ಒಮ್ಮೊಮ್ಮೆ ಒತ್ತಿದರೂ 144 ಕ್ಲಿಕ್, ವಾಪಸ್ ಬರುವ ಕ್ಲಿಕ್‌ಗಳು ಬೇರೆ. ಹತ್ತಿರದ ಸ್ಥಿತಿಗಳನ್ನು ಮೊದಲು ಮುಗಿಸಿ ಆಮೇಲೆ ದೂರ ಹೋಗಿ, ದಾರಿ ಚಿಕ್ಕದಾಗುತ್ತದೆ. ನಮ್ಮ ಪಟ್ಟಿಯಲ್ಲಿ ಮೂರು ಕ್ಲಿಕ್ ಆಳದೊಳಗೆ ಎಲ್ಲ 24 ಸಿಕ್ಕಿಬಿಡುತ್ತವೆ.

‘ಮೊದಲಿನಿಂದ’ ಎಂದರೆ ರಿಫ್ರೆಶ್ ಅಲ್ಲ, ಎಚ್ಚರ. ಈ ಆ್ಯಪ್ ಪಟ್ಟಿಯನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸಿಕೊಳ್ಳುತ್ತದೆ. ರಿಫ್ರೆಶ್ ಮಾಡಿದರೆ ಹಾಕಿದ ಟಿಕ್ ಹಾಗೇ ಇರುತ್ತದೆ. ಪ್ರತಿ ಸಲ ಪ್ಲೇರೈಟ್‌ನಲ್ಲಿ ಹೊಸ ಬ್ರೌಸರ್ ಕಾಂಟೆಕ್ಸ್ಟ್, ಅಂದರೆ ಹಳೆಯದೇನೂ ನೆನಪಿಲ್ಲದ ಹೊಸ ಬ್ರೌಸರ್, ತೆರೆದು ಮೂರು ಕೆಲಸಗಳನ್ನು ಮತ್ತೆ ಸೇರಿಸಿ. ಡೇಟಾ ಸರ್ವರ್‌ನಲ್ಲಿರುವ ದೊಡ್ಡ ಆ್ಯಪ್ ಆದರೆ ಪರೀಕ್ಷಾ ಡೇಟಾಬೇಸನ್ನೂ ಮೊದಲಿನ ಸ್ಥಿತಿಗೆ ತರಬೇಕು.

ಆಳ, ಸ್ಥಿತಿಗಳ ಸಂಖ್ಯೆ, ಒಟ್ಟು ಸಮಯ, ಮೂರಕ್ಕೂ ಒಂದೊಂದು ಮಿತಿ ಹಾಕಿಡಿ. ಜರಡಿಯಲ್ಲಿ ಎಲ್ಲೋ ತೂತು ಇದ್ದೇ ಇರುತ್ತದೆ.

ನಕ್ಷೆ ಸಿಕ್ಕ ಮೇಲೆ

ಮುಗಿದಾಗ 9 ವೃತ್ತಗಳ ನಕ್ಷೆ ಕೈಯಲ್ಲಿರುತ್ತದೆ. ಪ್ರತಿ ಸ್ಥಿತಿಯಲ್ಲೂ ಕನ್ಸೋಲ್‌ನಲ್ಲಿ (ಬ್ರೌಸರ್ ತಪ್ಪುಗಳನ್ನು ಬರೆದು ತೋರಿಸುವ ಜಾಗ) ಎರರ್ ಬಂತಾ, ಚಿತ್ರ ಮುರಿದಿದೆಯಾ, ಸ್ಕ್ರೀನ್ ರೀಡರ್‌ಗೆ ಗುಂಡಿಯ ಹೆಸರು ಸಿಗುತ್ತದಾ ಎಂದು ಪರೀಕ್ಷೆ ಓಡಿಸಬಹುದು. ಕೋಡ್ ಬದಲಾದ ಮೇಲೆ ಮತ್ತೆ ಓಡಿಸಿ ಎರಡು ನಕ್ಷೆ ಪಕ್ಕಪಕ್ಕ ಇಟ್ಟರೆ ಯಾವ ಬಾಣ ಕಾಣೆಯಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಇದೇ.

ಈಗ ಆ್ಯಪ್ ತೆರೆದು ‘ಹಾಲು ತರುವುದು’ ಎಂಬ ಬರಹದ ಮೇಲೆ ನೀವೇ ಎರಡು ಸಲ ಕ್ಲಿಕ್ ಮಾಡಿ ನೋಡಿ. ಸಾಲು ತಿದ್ದುವ ಖಾನೆ ತೆರೆದುಕೊಳ್ಳುತ್ತದೆ. ನಮ್ಮ 9ರಲ್ಲಿ ಆ ಸ್ಥಿತಿ ಇಲ್ಲ, ಯಾಕೆಂದರೆ ಕ್ರಾಲರ್‌ಗೆ ನಾವು ಡಬಲ್ ಕ್ಲಿಕ್ ಹೇಳಿಕೊಟ್ಟೇ ಇಲ್ಲ. ಐದನೇ ಹೆಜ್ಜೆಗೆ ಅದನ್ನೂ ಸೇರಿಸಿ ಮತ್ತೊಮ್ಮೆ ಓಡಿಸಿ.