ಅಮೆರಿಕದ ಡಾಕ್ಟರು ಕೊಟ್ಟ ಬಿ.ಪಿ. ಮೆಷಿನ್: ರೀಡಿಂಗ್ ನೋಡುವವರು ಯಾರು, ಬಿಲ್ ಕಟ್ಟುವವರು ಯಾರು?

ಅಮೆರಿಕದಲ್ಲಿರುವ ನಮ್ಮವರು ಬೆಂಗಳೂರಿಗೆ ಫೋನ್ ಮಾಡಿದಾಗ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಡಾಕ್ಟರ ಆಫೀಸಿನಿಂದ ಬಿ.ಪಿ. ಮೆಷಿನ್ ಪಾರ್ಸೆಲ್ ಬಂದಿದೆ, ಒಳಗೇ ಸಿಮ್ ಇದೆಯಂತೆ, ನೋಡಿದ ತಕ್ಷಣ ರೀಡಿಂಗ್ ತಾನಾಗಿಯೇ ಅವರಿಗೆ ಹೋಗುತ್ತದಂತೆ. ಇಟ್ಟುಕೊಳ್ಳಲಾ, ವಾಪಸ್ ಕಳಿಸಲಾ?" ನಾನು ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಅಲ್ಲಿ ಕೆಲವು ವರ್ಷ ಇದ್ದು ಈಗ ಬಸವನಗುಡಿಯಲ್ಲಿದ್ದೇನೆ. ಹಾಗಾಗಿ ಬಂಧು ಬಳಗದವರು, ಅವರ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಹೇಳಿದ್ದನ್ನು ಒಟ್ಟಿಗೆ ಬರೆದಿಡುತ್ತಿದ್ದೇನೆ.

ಇಟ್ಟುಕೊಳ್ಳಿ ಎಂದೇ ನನ್ನ ಉತ್ತರ. ಆದರೆ ಮೊದಲು ಡಾಕ್ಟರ ಆಫೀಸಿಗೆ ಫೋನ್ ಮಾಡಿ, ಈ ರೀಡಿಂಗನ್ನು ಯಾರು ನೋಡುತ್ತಾರೆ, ಯಾವ ಹೊತ್ತಿನಲ್ಲಿ ನೋಡುತ್ತಾರೆ, ತಿಂಗಳಿಗೆ ನನ್ನ ಪಾಲಿನ ಖರ್ಚೆಷ್ಟು ಎಂದು ಕೇಳಿ. ಬೆಂಗಳೂರಿನಲ್ಲಿ ನಾವು ಮೆಡಿಕಲ್ ಶಾಪಿನಿಂದ ಮೆಷಿನ್ ತರುತ್ತೇವೆ, ರೀಡಿಂಗನ್ನು ಚೀಟಿಯಲ್ಲಿ ಬರೆದು ಫೋಟೋ ತೆಗೆದು ಡಾಕ್ಟರಿಗೆ ವಾಟ್ಸ್‌ಆ್ಯಪ್ ಮಾಡುತ್ತೇವೆ. ಮೆಷಿನ್ನಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಅಲ್ಲಿ ಡಾಕ್ಟರು ಕಳಿಸುವ ಮೆಷಿನ್ ತಿಂಗಳ ಲೆಕ್ಕದಲ್ಲಿ ನಡೆಯುವ ಒಂದು ಸೇವೆಯ ಭಾಗ, ಅದಕ್ಕೆ ಪ್ರತಿ ತಿಂಗಳೂ ಬಿಲ್ ಆಗುತ್ತದೆ.

ಆ ಸೇವೆಯ ಹೆಸರು ರಿಮೋಟ್ ಪೇಷೆಂಟ್ ಮಾನಿಟರಿಂಗ್. ಹೆಚ್ಚಾಗಿ 65 ದಾಟಿದವರಿಗಿರುವ ಸರ್ಕಾರಿ ವಿಮೆಯಾದ ಮೆಡಿಕೇರ್ 2019ರಿಂದ ಇದಕ್ಕೆ ಪ್ರತ್ಯೇಕ ಬಿಲ್ ಕೋಡ್‌ಗಳಡಿ ಹಣ ಕೊಡುತ್ತಿದೆ. ಮೆಷಿನ್ ಹೊಂದಿಸಿ ಬಳಸುವುದನ್ನು ಹೇಳಿಕೊಡುವುದಕ್ಕೆ 99453. ಮೆಷಿನ್ ಕೊಟ್ಟು, 30 ದಿನಗಳಲ್ಲಿ ಕನಿಷ್ಠ 16 ದಿನ ರೀಡಿಂಗ್ ಬಂದರೆ 99454. ತಿಂಗಳಿಗೆ 20 ನಿಮಿಷ ಕ್ಲಿನಿಕ್ಕಿನವರು ನಿಮ್ಮ ರೀಡಿಂಗಿನ ಮೇಲೆ ಸಮಯ ಕೊಟ್ಟು, ನಿಮ್ಮೊಂದಿಗೆ ಮಾತನ್ನೂ ಆಡಿದರೆ 99457. "ಈ ವಾರ ನೀವು ಬಿ.ಪಿ. ನೋಡಿಲ್ಲ" ಎಂದು ನರ್ಸ್ ನೆನಪಿಸುವುದರ ಹಿಂದೆ ನಿಮ್ಮ ಆರೋಗ್ಯದ ಕಾಳಜಿಯ ಜೊತೆಗೆ ಈ 16 ದಿನದ ಲೆಕ್ಕವೂ ಇರುತ್ತದೆ. 2026ರ ಜನವರಿಯಿಂದ 2ರಿಂದ 15 ದಿನದ ರೀಡಿಂಗಿಗೂ 99445 ಎಂಬ ಕೋಡ್ ಬಂದಿದೆ. ಹಾಗಾಗಿ ಕೆಲವೇ ದಿನ ನೋಡಿದರೂ ಬಿಲ್ ಬರಬಹುದು.

ಮೆಡಿಕೇರ್ ಪಾರ್ಟ್ ಬಿ (ಡಾಕ್ಟರ ಖರ್ಚು ನೋಡಿಕೊಳ್ಳುವ ಭಾಗ) ಇದ್ದವರು ಡಿಡಕ್ಟಿಬಲ್, ಅಂದರೆ ವರ್ಷದಲ್ಲಿ ಮೊದಲು ಪೂರ್ತಿ ತಾವೇ ಕಟ್ಟಬೇಕಾದ ಮೊತ್ತ, ಮುಗಿದ ಮೇಲೆ ಇದರಲ್ಲಿ ಶೇ. 20 ಕೈಯಿಂದ ಕೊಡಬೇಕು. ಕಂಪನಿಯ ಇನ್ಶೂರೆನ್ಸ್ ಇರುವವರಿಗೆ ಪ್ಲಾನಿನಿಂದ ಪ್ಲಾನಿಗೆ ವ್ಯತ್ಯಾಸ. ಡಿಡಕ್ಟಿಬಲ್ ದೊಡ್ಡದಿರುವ ಪ್ಲಾನಾದರೆ, ಅದು ತುಂಬುವವರೆಗೆ ಪೂರ್ತಿ ಮೊತ್ತ ನಿಮ್ಮ ಮೇಲೇ ಬೀಳಬಹುದು. ಇನ್ಶೂರೆನ್ಸಿನವರಿಗೆ ಫೋನ್ ಮಾಡಿ "ಮಾನಿಟರಿಂಗ್ ಕವರ್ ಆಗುತ್ತಾ?" ಎಂದಷ್ಟೇ ಕೇಳಿದರೆ "ಆಗುತ್ತೆ" ಎಂಬ ಉತ್ತರ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮೇಲಿನ ನಂಬರುಗಳನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದಕ್ಕೂ ನಿಮ್ಮ ಪಾಲು ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಒಪ್ಪಿಗೆ ಇಲ್ಲದೆ ಈ ಸೇವೆ ಶುರುವಾಗಬಾರದು. ಬೇಡವೆನಿಸಿದ ದಿನ ನಿಲ್ಲಿಸಿ ಎನ್ನುವ ಹಕ್ಕೂ ನಿಮ್ಮದೇ.

ಯಾವ ಹೊತ್ತಿನಲ್ಲಿ ನೋಡುತ್ತಾರೆ ಎಂಬುದು ಬಿಲ್ಲಿಗಿಂತ ಮುಖ್ಯ. ಮೆಷಿನ್ನಿಗೆ ಸಿಮ್ ಇದೆ ಎಂದ ಮಾತ್ರಕ್ಕೆ ಆ ಕಡೆ ಯಾರೋ ಕಣ್ಣಿಟ್ಟು ಕೂತಿದ್ದಾರೆ ಎಂದುಕೊಳ್ಳುವವರು ಬಹಳ. ಶನಿವಾರ ರಾತ್ರಿಯ ರೀಡಿಂಗನ್ನು ಸೋಮವಾರ ಬೆಳಿಗ್ಗೆ ನೋಡುವ ಕ್ಲಿನಿಕ್ಕುಗಳಿವೆ. ನೀವು ಸಹಿ ಹಾಕುವ ಕಾಗದದಲ್ಲೇ 'ಇದು ತುರ್ತು ಸೇವೆ ಅಲ್ಲ' ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯುವ ಕ್ರಮ ನೋಡಿ: ತಾಲ್ಲೂಕು ಆಸ್ಪತ್ರೆಯಲ್ಲಿ ಎದೆನೋವಿನವರ ಇಸಿಜಿ ತೆಗೆದು ಕಳಿಸುತ್ತಾರೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ನೆರವು ಆ ಕೂಡಲೇ ಸಿಗುತ್ತದೆ, ಹೃದಯಾಘಾತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಅಲ್ಲಿ ನೋಡುವವರು ಇದ್ದಾರೆ ಎಂಬುದರ ಮೇಲೇ ಇಡೀ ಏರ್ಪಾಡು ನಿಂತಿದೆ. ಅಮೆರಿಕದಲ್ಲಿ ನಿಮ್ಮ ಮನೆಯ ಬಿ.ಪಿ. ಮೆಷಿನ್ನಿನ ಹಿಂದೆ ಅಂಥ ಏರ್ಪಾಡು ಇರುತ್ತದೆ ಎಂಬ ಖಾತ್ರಿ ಇಲ್ಲ. ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲುವುದು, ಒಂದು ಕೈ ಸೋಲುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮೆಷಿನ್ ಬದಿಗಿಟ್ಟು ಅಲ್ಲಿನ ತುರ್ತು ನಂಬರು 911ಕ್ಕೆ ಫೋನ್ ಮಾಡಿ.

ಬಾಣಂತಿಯರ ವಿಷಯ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನ ಅಮ್ಮಂದಿರು ಅಮೆರಿಕಕ್ಕೆ ಹೋಗುವುದೇ ಹೆಚ್ಚಾಗಿ ಬಾಣಂತನಕ್ಕೆ. ಬಸಿರಿನಲ್ಲಿ ಬಿ.ಪಿ. ಏರಿದ್ದವರನ್ನು ಹೆರಿಗೆಯ ನಂತರ ಮನೆಗೆ ಕಳಿಸುವಾಗ ಅಲ್ಲಿನ ಅನೇಕ ಆಸ್ಪತ್ರೆಗಳು ಇಂಥ ಮೆಷಿನ್ ಕೊಟ್ಟೇ ಕಳಿಸುತ್ತವೆ. ಬಸಿರಿನಲ್ಲಿ ಬಿ.ಪಿ. ಇದ್ದವರಿಗೆ ಹೆರಿಗೆಯಾದ 7ರಿಂದ 10 ದಿನದೊಳಗೆ, ತೀರಾ ಹೆಚ್ಚಿದ್ದವರಿಗೆ 72 ಗಂಟೆಯೊಳಗೆ ಬಿ.ಪಿ. ನೋಡಲೇಬೇಕು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯ ಸಲಹೆ. ಹಸಿ ಬಾಣಂತಿಯನ್ನು ಆಸ್ಪತ್ರೆಗೆ ಓಡಾಡಿಸುವ ಬದಲು ಮನೆಯಲ್ಲೇ ಪಟ್ಟಿ ಕಟ್ಟಿ ನೋಡುತ್ತಾರೆ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಒಳ್ಳೆಯದೆನಿಸಿದ ಬಳಕೆ ಇದು.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳ ಮನೆಯಲ್ಲಿ ಹೀಗಾಯಿತು. ವಿಡಿಯೋ ಕಾಲಿನಲ್ಲಿ ನನ್ನ ಜೊತೆ ಮಾತಾಡುತ್ತಲೇ, ಮಗುವನ್ನು ಎದೆಗೆ ಹಾಕಿಕೊಂಡು, ಸ್ವೆಟರಿನ ತೋಳಿನ ಮೇಲೇ ಪಟ್ಟಿ ಕಟ್ಟಿ ಬಟನ್ ಒತ್ತಿದಳು. 152/96. ಅಕ್ಕ ಗಾಬರಿಯಾದಳು. "ಫೋನ್ ಇಡು, ಮಗು ಅಮ್ಮನ ಕೈಗೆ ಕೊಡು, ಬೆನ್ನಿಗೆ ಆಸರೆ ಕೊಟ್ಟು ಕೂತು ಐದು ನಿಮಿಷ ಸುಮ್ಮನಿರು" ಎಂದೆ. ಬರಿ ತೋಳಿಗೆ ಕಟ್ಟಿ, ಕಾಲು ನೆಲಕ್ಕೂರಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕಿಟ್ಟು ನೋಡಿದಾಗ 138/88 ಬಂತು. ಎರಡೂ ರೀಡಿಂಗ್ ಆಸ್ಪತ್ರೆಗೆ ಹೋಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ನರ್ಸ್ ಫೋನ್ ಮಾಡಿದಾಗ ಮೊದಲನೆಯದು ಯಾಕೆ ಹಾಗೆ ಬಂತೆಂದು ಅವಳು ಹೇಳಿದಳು, ಅವರು ಗುರುತು ಹಾಕಿಕೊಂಡರು. ಮೆಷಿನ್ ಕಳಿಸುವುದು ಅಂಕಿಯನ್ನು ಮಾತ್ರ, ನೀವು ಹೇಗೆ ಕೂತಿದ್ದಿರಿ ಎಂಬುದನ್ನು ನೀವೇ ಹೇಳಬೇಕು. ಪಟ್ಟಿ ತೋಳಿನ ಅಳತೆಗೆ ಸರಿಯಾಗಿದೆಯೇ ಎಂದೂ ನೋಡಿ, ಬಿಗಿಯಾದ ಸಣ್ಣ ಪಟ್ಟಿ ಬಿ.ಪಿ.ಯನ್ನು ಹೆಚ್ಚಾಗಿ ತೋರಿಸುತ್ತದೆ.

ಅಮ್ಮಂದಿರಲ್ಲಿ ನನ್ನ ಒಂದು ಕೋರಿಕೆ. ತಲೆಗೆ ಬಟ್ಟೆ ಕಟ್ಟಿ, ಮೆಣಸಿನ ಸಾರು ಮಾಡಿ, ಎಣ್ಣೆನೀರು ಹಾಕಿ ನೀವು ಮಾಡುವ ಆರೈಕೆಗೆ ಸಾಟಿ ಇಲ್ಲ. ಆದರೆ ಬಾಣಂತಿ ತಲೆನೋವು ಎಂದಾಗ "ನಿದ್ದೆಗೆಟ್ಟಿದ್ದೀಯಲ್ಲ, ಅದಕ್ಕೇ" ಎಂದು ಬಿಟ್ಟುಬಿಡಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಇವು ಬಿ.ಪಿ. ಅಪಾಯದ ಗುರುತುಗಳು. ಹೆರಿಗೆಯಾಗಿ ಆರು ವಾರದವರೆಗೂ ಬರಬಹುದು. ಬಸಿರಿನಲ್ಲಿ ಬಿ.ಪಿ. ಇಲ್ಲದಿದ್ದವರಿಗೂ ಬರಬಹುದು. 160/110 ಮುಟ್ಟಿದರೆ ನರ್ಸ್ ಫೋನ್ ಮಾಡಲಿ ಎಂದು ಕಾಯದೆ ನೀವೇ ಮಾಡಿ, ಆಸ್ಪತ್ರೆಗೆ ಹೊರಡಿ.

ಬಿ.ಪಿ. ಮಾತು ಬಂದಿದ್ದರಿಂದ ಇನ್ನೊಂದು. 2017ರಿಂದ ಅಮೆರಿಕದಲ್ಲಿ 130/80 ಮುಟ್ಟಿದರೇ ರಕ್ತದೊತ್ತಡದ ಮೊದಲ ಹಂತ ಎನ್ನುತ್ತಾರೆ. ಇಲ್ಲಿನ ಡಾಕ್ಟರುಗಳು ಸಾಮಾನ್ಯವಾಗಿ 140/90ರ ಗೆರೆ ಇಟ್ಟುಕೊಂಡಿರುತ್ತಾರೆ. ಜಯನಗರದಲ್ಲಿ "ಏನೂ ತೊಂದರೆ ಇಲ್ಲ" ಎನಿಸಿಕೊಂಡ 134/84 ಅಲ್ಲಿ ಆ್ಯಪಿನಲ್ಲಿ ಬಣ್ಣ ಬದಲಿಸಿ ಹೆದರಿಸುತ್ತದೆ. ಕಾಯಿಲೆ ಹೆಚ್ಚಾಯಿತೆಂದು ಕಂಗಾಲಾಗಬೇಡಿ, ಎರಡು ಕಡೆಯ ಗೆರೆ ಬೇರೆ. ಶುಗರ್ ಅಳತೆ ಎರಡೂ ದೇಶದಲ್ಲಿ ಒಂದೇ, ಅದರಲ್ಲಿ ಗೊಂದಲವಿಲ್ಲ.

ಮಲಗಿದಾಗಲೂ ಲೆಕ್ಕ ಇಡುವ ಮೆಷಿನ್

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಕೊಡುವ, ಮಾಸ್ಕ್ ಹಾಕಿಸಿ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಬಗ್ಗೆ ನಮ್ಮವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಅದರೊಳಗೆ ಮೋಡೆಮ್ ಇರುತ್ತದೆ, ನೀವು ಎಷ್ಟು ಗಂಟೆ ಹಾಕಿಕೊಂಡಿರಿ ಎಂಬ ಲೆಕ್ಕ ಹೊರಗೆ ಹೋಗುತ್ತದೆ. ಮೆಡಿಕೇರ್ ನಿಯಮದ ಪ್ರಕಾರ ಮೊದಲ ಮೂರು ತಿಂಗಳೊಳಗೆ, ಸತತ 30 ದಿನಗಳಲ್ಲಿ ಶೇ. 70 ರಾತ್ರಿ, ಅಂದರೆ 21 ರಾತ್ರಿ, ದಿನಕ್ಕೆ ಕನಿಷ್ಠ 4 ಗಂಟೆ ಹಾಕಿಕೊಂಡಿರಬೇಕು. 31ನೇ ದಿನದಿಂದ 91ನೇ ದಿನದ ನಡುವೆ ಡಾಕ್ಟರನ್ನೂ ಕಾಣಬೇಕು. ಇಲ್ಲವಾದರೆ ಮೆಷಿನ್ನಿನ ಬಾಡಿಗೆಯನ್ನು ಮೆಡಿಕೇರ್ ಕೊಡುವುದನ್ನು ನಿಲ್ಲಿಸಬಹುದು. ಅನೇಕ ಖಾಸಗಿ ಇನ್ಶೂರೆನ್ಸುಗಳದ್ದೂ ಇದೇ ಧಾಟಿ.

ಈ ಮೂರು ತಿಂಗಳಲ್ಲಿ ಬೆಂಗಳೂರಿನಲ್ಲಿ ಮದುವೆ, ಗೃಹಪ್ರವೇಶ ಎಂದು ಬರುವವರು ಜೋಪಾನ. ಅಲ್ಲಿನ ನೆಟ್‌ವರ್ಕಿಗೆ ಹೊಂದಿಸಿದ ಮೋಡೆಮ್ ಇಲ್ಲಿ ಕೆಲಸ ಮಾಡದೆ ಇರಬಹುದು. ನೀವು ದಿನಾ ಹಾಕಿಕೊಂಡರೂ ಅವರ ಲೆಕ್ಕದಲ್ಲಿ ಸೊನ್ನೆ ಕಾಣುತ್ತದೆ. ಹೊರಡುವ ಮುಂಚೆ ಮೆಷಿನ್ ಕೊಟ್ಟ ಕಂಪನಿಗೆ ತಿಳಿಸಿ, ಮೆಮೊರಿ ಕಾರ್ಡಿನಲ್ಲಿ ದಾಖಲಾಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ವಿಮಾನದಲ್ಲಿ ಕೈಯಲ್ಲೇ ತನ್ನಿ, ಲಗೇಜಿಗೆ ಹಾಕಬೇಡಿ. ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದಿದ್ದರೆ ಇಲ್ಲಿನ 230 ವೋಲ್ಟಿಗೆ ಪ್ಲಗ್ ಬದಲಿಸಿದರೆ ಸಾಕು.

ಬೆಂಗಳೂರಿನಿಂದ ಹೋಗುವ ಹಿರಿಯರು

ವಿಸಿಟರ್ ವೀಸಾದಲ್ಲಿ ಹೋಗುವ ಅಪ್ಪ ಅಮ್ಮನಿಗೆ ಈ ಯಾವ ಸೇವೆಯೂ ಸಿಗುವುದಿಲ್ಲ ಎಂದುಕೊಂಡೇ ಹೊರಡಿ. ಮೆಡಿಕೇರ್ ಅವರಿಗಿಲ್ಲ. ಗ್ರೀನ್ ಕಾರ್ಡ್ ಸಿಕ್ಕಿದವರೂ, ಅಲ್ಲಿ ದುಡಿದ ದಾಖಲೆ ಇಲ್ಲದಿದ್ದರೆ, 65 ತುಂಬಿ, ಅಷ್ಟರಲ್ಲಿ ಸತತ ಐದು ವರ್ಷ ಅಲ್ಲಿ ವಾಸವಾಗಿದ್ದರೆ ಮಾತ್ರ ಪ್ರೀಮಿಯಂ ಕಟ್ಟಿ ಸೇರಬಹುದು. ವಿಸಿಟರ್ ಇನ್ಶೂರೆನ್ಸು ಮೊದಲೇ ಇದ್ದ ಬಿ.ಪಿ., ಶುಗರ್‌ಗಳ ನಿತ್ಯದ ಖರ್ಚು ನೋಡಿಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿ ಬಳಸುತ್ತಿರುವ ಸೆಲ್ ಹಾಕುವ ಬಿ.ಪಿ. ಮೆಷಿನ್ನನ್ನೇ ಒಯ್ಯಿರಿ. ಗ್ಲೂಕೋಮೀಟರ್ ಒಯ್ದರೆ ಇರುವಷ್ಟು ದಿನಕ್ಕೂ ಸ್ಟ್ರಿಪ್ ಒಯ್ಯಿರಿ, ಇಲ್ಲಿನ ಮೀಟರಿಗೆ ಹೊಂದುವ ಸ್ಟ್ರಿಪ್ ಅಲ್ಲಿನ ಅಂಗಡಿಯಲ್ಲಿ ಸಿಗದೆ ಒದ್ದಾಡಿದವರನ್ನು ಕಂಡಿದ್ದೇನೆ. ಮಾತ್ರೆಗಳದ್ದೂ ಅದೇ ಕತೆ, ಇಲ್ಲಿನ ಡಾಕ್ಟರ ಚೀಟಿಗೆ ಅಲ್ಲಿ ಔಷಧಿ ಕೊಡುವುದಿಲ್ಲ. ನಮ್ಮ ದೇಶದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಕೂಡ ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಇಲ್ಲಿನ ಡಾಕ್ಟರನ್ನು ವಿಚಾರಿಸುವುದು ಧೈರ್ಯಕ್ಕೆ ಸರಿ, ಅದನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ. ಹೃದಯದ ತೊಂದರೆ ಇರುವವರು ಹೊರಡುವ ಮುಂಚೆ ತೆಗೆಸಿದ ಇಸಿಜಿಯನ್ನು ಮಗ ಮಗಳ ಫೋನಿನಲ್ಲಿಟ್ಟಿರಲಿ. ಎಮರ್ಜೆನ್ಸಿಯಲ್ಲಿ ಹೊಸ ಇಸಿಜಿಯ ಪಕ್ಕದಲ್ಲಿಟ್ಟು ನೋಡಲು ಹಳೆಯದೊಂದು ಸಿಕ್ಕರೆ ಡಾಕ್ಟರಿಗೆ ಬಹಳ ಸಹಾಯ.

ಅಂಗಡಿಯಲ್ಲಿ ಸಿಗುವಂಥವು

2024ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ಉಪಕರಣಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ), ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಹುದಾದ ಶುಗರ್ ಸೆನ್ಸರಿಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ಡೆಕ್ಸ್‌ಕಾಮ್ ಕಂಪನಿಯ ಸ್ಟೆಲೋ, ತೋಳಿಗೆ ಅಂಟಿಸಿಕೊಳ್ಳುವಂಥದ್ದು. ಅನ್ನ, ಮುದ್ದೆ, ಚಪಾತಿ ತಿಂದ ಮೇಲೆ ಶುಗರ್ ಎಷ್ಟು ಏರುತ್ತದೆಂದು ತಿಳಿಯಲು ಚೆನ್ನಾಗಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಸಲ್ಲದು, ಶುಗರ್ ತೀರಾ ಇಳಿದರೆ ಕೂಗಿ ಎಚ್ಚರಿಸುವುದಿಲ್ಲ. ಇನ್ಸುಲಿನ್ ಇರುವವರು ಚೀಟಿ ಬರೆಸಿಯೇ ಸೆನ್ಸರ್ ತೆಗೆದುಕೊಳ್ಳಿ, ಮೆಡಿಕೇರ್ 2023ರಿಂದ ಇನ್ಸುಲಿನ್ ತೆಗೆದುಕೊಳ್ಳುವ ಎಲ್ಲರಿಗೂ ಅದನ್ನು ಕವರ್ ಮಾಡುತ್ತದೆ. ಚರ್ಮಕ್ಕೆ ಏನೂ ಚುಚ್ಚದೆ ಶುಗರ್ ತೋರಿಸುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಕೊಳ್ಳಬೇಡಿ ಎಂದು ಎಫ್‌ಡಿಎ 2024ರಲ್ಲಿ ಎಚ್ಚರಿಸಿದೆ. ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಕಪ್ಪು ಮೈಬಣ್ಣದವರಲ್ಲಿ ತಪ್ಪಬಹುದು ಎಂದು 2021ರಲ್ಲೇ ಹೇಳಿದೆ. ಅಂಕಿ 95 ಇದ್ದರೂ ಏದುಸಿರು ಬಿಡುತ್ತಿದ್ದರೆ ಏದುಸಿರನ್ನೇ ನಂಬಿ.

ಒಂದು ದೇಶದಲ್ಲಿ ಕೊಂಡ ಸೆನ್ಸರ್ ಇನ್ನೊಂದು ದೇಶದ ಆ್ಯಪಿನಲ್ಲಿ ಓಡದೆ ಇರಬಹುದು. ಊರಿಗೆ ಬರುವಾಗ ಬೇಕಾದಷ್ಟು ಜೊತೆಗೆ ತನ್ನಿ.

ಖಾಸಗಿತನದ ವಿಷಯಕ್ಕೆ ಬಂದರೆ, ರೋಗಿಗಳ ಮಾಹಿತಿ ಕಾಪಾಡುವ ಅಲ್ಲಿನ 1996ರ ಹಿಪಾ ಕಾಯಿದೆ ಡಾಕ್ಟರು, ಆಸ್ಪತ್ರೆ, ಇನ್ಶೂರೆನ್ಸು ಮತ್ತು ಅವರ ಪರವಾಗಿ ಕೆಲಸ ಮಾಡುವವರಿಗೆ ಅನ್ವಯಿಸುತ್ತದೆ. ನೀವೇ ಕೊಂಡ ವಾಚಿನ ಆ್ಯಪು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದೇ ಬಿ.ಪಿ. ಅಂಕಿ ಕ್ಲಿನಿಕ್ಕಿನ ಮೆಷಿನ್ನಿನಲ್ಲಿ ಒಂದು ರಕ್ಷಣೆ ಪಡೆದರೆ, ನಿಮ್ಮ ಆ್ಯಪಿನಲ್ಲಿ ಇನ್ನೊಂದು. ಕೊಳ್ಳುವಾಗ ಯಾರೊಂದಿಗೆ ಹಂಚಿಕೊಳ್ಳುತ್ತಾರೆ ಎಂಬ ಪುಟವನ್ನು ತಾಳ್ಮೆಯಿಂದ ಓದಿ.

ಬೆಂಗಳೂರಿಗೆ ಪೂರ್ತಿ ವಾಪಸಾಗುವವರು ಮಾನಿಟರಿಂಗ್ ನಿಲ್ಲಿಸುತ್ತಿದ್ದೇವೆ ಎಂದು ಕ್ಲಿನಿಕ್ಕಿಗೆ ಬರಹದಲ್ಲೇ ತಿಳಿಸಿ, ಮೆಷಿನ್ ಅವರದ್ದಾದರೆ ಹಿಂದಿರುಗಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿನ ನಿಮ್ಮ ವೈದ್ಯಕೀಯ ದಾಖಲೆ ಪಡೆಯುವುದು ನಿಮ್ಮ ಹಕ್ಕು, ಕ್ಲಿನಿಕ್ಕಿನ ವೆಬ್‌ಸೈಟಿನಲ್ಲಿ ನಿಮ್ಮ ಪೋರ್ಟಲ್ ಖಾತೆ ಇರುವಾಗಲೇ ಇಳಿಸಿಕೊಳ್ಳಿ. ಇಲ್ಲಿನ ಡಾಕ್ಟರ ಮುಂದೆ ಮೂರು ವರ್ಷದ ಗ್ರಾಫ್ ತೆರೆದಿಟ್ಟರೆ ಹೊರಗೆ ಇಪ್ಪತ್ತು ಜನ ಕಾಯುತ್ತಿರುವ ಓಪಿಡಿಯಲ್ಲಿ ಯಾರೂ ನೋಡಲಾರರು. ಅವರಿಗೆ ಬೇಕಿರುವುದು ಇಷ್ಟೇ: ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಬ್ರ್ಯಾಂಡಿನದ್ದಲ್ಲ, ಔಷಧಿಯ ಮೂಲ ಹೆಸರು. ಕಳೆದ ಎರಡು ವಾರದ ಬೆಳಿಗ್ಗೆ ಮತ್ತು ಸಂಜೆಯ ಸರಾಸರಿ. ಮೈಯೊಳಗೆ ಪೇಸ್‌ಮೇಕರಿನಂಥದ್ದೇನಾದರೂ ಇದ್ದರೆ ಅದರ ಕಾರ್ಡಿನ ನಕಲು. ಇಷ್ಟನ್ನು ಒಂದು ಹಾಳೆಯಲ್ಲಿ ಮುದ್ರಿಸಿ ತನ್ನಿ.